ಅಡಿಲೇಡ್ ಮುಗಿಯಲಿ ಎಂದುಕೊಂಡೆ

ತಮ್ಮನ ಬ್ಯಾಂಡಿನ ವ್ಯಾನನ್ನು ಐದು ವರ್ಷ ಓಡಿಸಿದವಳು ನಾನು. ಮೈಸೂರಿನಲ್ಲಿ ಏಳನೇ ತರಗತಿಗೇ ಶಾಲೆ ಬಿಟ್ಟ ನನಗೆ ಪರ್ತ್‌ನಲ್ಲಿ ಸಿಕ್ಕ ಕೆಲಸಗಳಲ್ಲಿ ಹೆಮ್ಮೆಯೆನಿಸಿದ್ದು ಅದೊಂದೇ. ಆ ಬ್ಯಾಂಡ್ ಒಡೆದದ್ದರಲ್ಲಿ ನನ್ನ ಪಾಲಿದೆ.

ಬ್ಯಾಂಡಿನಲ್ಲಿ ನಾಲ್ವರಿದ್ದರು. ಆದರೆ ಜನ ಕೇಳಲು ಬರುತ್ತಿದ್ದದ್ದು ಇಬ್ಬರನ್ನು: ನನ್ನ ತಮ್ಮ, ಮತ್ತು ಪರ್ತ್‌ನಾಚೆಯ ಗೋಧಿ ಬೆಳೆಯುವ ಸೀಮೆಯಿಂದ ಬಂದ ಅವನ ಆಸ್ಟ್ರೇಲಿಯನ್ ಗೆಳೆಯ. ಪರ್ತ್‌ನ ಕ್ಯಾನಿಂಗ್ಟನ್‌ನಲ್ಲಿದ್ದ ನಮ್ಮ ಮನೆಯ ಗ್ಯಾರೇಜಿನಲ್ಲಿ ಅವರು ಹಳೆಯ ಕಂಟ್ರಿ ಹಾಡುಗಳ ದುಃಖವನ್ನು ಎಲೆಕ್ಟ್ರಿಕ್ ಗಿಟಾರಿನ ಗದ್ದಲಕ್ಕೆ ಬೆರೆಸಿದರು. ಒಂದೇ ಮೈಕಿಗೆ, ಹಣೆ ತಾಗುವಷ್ಟು ಹತ್ತಿರ ನಿಂತು ಹಾಡುತ್ತಿದ್ದರು. ಎರಡು ರೆಕಾರ್ಡ್ ಬಂದ ಮೇಲೆ ಬೇರೆ ಊರುಗಳ ಹೊಸ ಬ್ಯಾಂಡುಗಳೂ ಹಾಗೆಯೇ ನಿಲ್ಲತೊಡಗಿದವು. ಗೆಳೆಯ ನನ್ನನ್ನು ಅಕ್ಕ ಎನ್ನುತ್ತಿದ್ದ. ಅದೇ ನನ್ನ ಹೆಸರೆಂದು ಮೊದಲ ವರ್ಷವೆಲ್ಲ ನಂಬಿದ್ದ.

ಮೂರನೆಯ ರೆಕಾರ್ಡಿನಲ್ಲಿ ತಮ್ಮ ತನ್ನ ಹಾಡುಗಳನ್ನಷ್ಟೇ ಇಟ್ಟ. ಅಲ್ಲಿಂದ ಇಬ್ಬರ ನಡುವೆ ಮಾತು ನಿಂತಿತು. ಎದುರೆದುರು ಕೂತು ನನ್ನ ಮೂಲಕ ಹೇಳಿಕೊಳ್ಳುತ್ತಿದ್ದರು.

"ಅಕ್ಕ, ಎರಡ್ನೇ ಹಾಡು ತುಂಬಾ ಸ್ಪೀಡ್ ಆಯ್ತು ಅಂತ ಹೇಳು ಅವ್ನಿಗೆ," ಎನ್ನುವನು ತಮ್ಮ.

"ಹಾಡಲ್ಲ, ಅವನಿಗೇ ವಯಸ್ಸಾಯಿತು ಅಂತ ಹೇಳು," ಎಂದು ಇಂಗ್ಲಿಷಿನಲ್ಲಿ ಗೆಳೆಯನ ಉತ್ತರ.

ಆ ರೆಕಾರ್ಡಿನ ಪ್ರವಾಸದಲ್ಲಿ, ಬ್ರಿಸ್ಬೇನ್‌ನ ರನ್‌ಕಾರ್ನ್ ಬಡಾವಣೆಯ ಪರಿಚಯದವರ ಮನೆಯಿಂದ ಅಡಿಲೇಡಿಗೆ ಹೊರಡುವ ಬೆಳಗ್ಗೆ, ನಾನು ಟೈರು ನೋಡುತ್ತಿದ್ದಾಗ ಗೆಳೆಯ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತ. ಅಡಿಲೇಡೇ ತನ್ನ ಕೊನೆಯ ಶೋ ಎಂದ. ಅದಕ್ಕೆ ಮೊದಲು ತಮ್ಮ ತಾನಾಗಿ ಬಂದು ಮಾತಾಡಿದರೆ ಉಳಿಯುತ್ತೇನೆ ಎಂದ.

"ನನಗೆ ಹೇಳಲು ಧೈರ್ಯವಿಲ್ಲ. ನೀನು ಹೇಳುತ್ತೀಯಲ್ಲ, ಅಕ್ಕ?"

ಹೂಂ ಎಂದೆ.

ನಮ್ಮ ಮನೆಯಲ್ಲಿ ಕೆಟ್ಟ ಸುದ್ದಿಯನ್ನು ಊಟಕ್ಕೆ ಮೊದಲು, ಪ್ರಯಾಣಕ್ಕೆ ಮೊದಲು, ಕೈಯಲ್ಲಿರುವ ಕೆಲಸ ಮುಗಿಯುವ ಮೊದಲು ಹೇಳುವುದಿಲ್ಲ. ಅಪ್ಪ ಮಸ್ಕತ್‌ನಲ್ಲಿ ತೀರಿಕೊಂಡಾಗ, ತಮ್ಮನ ಪರೀಕ್ಷೆ ಮುಗಿಯುವವರೆಗೆ ನಾನು ಬಾಯಿ ಬಿಟ್ಟಿರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಅವನು ನನ್ನ ಮುಖ ನೋಡಲಿಲ್ಲ. ಅಷ್ಟಾದರೂ ನಾನು ಬುದ್ಧಿ ಕಲಿಯಲಿಲ್ಲ.

ಎರಡು ದಿನದ ದಾರಿ. ಕನ್ನಡಿಯಲ್ಲಿ ಗೆಳೆಯ ಮತ್ತೆ ಮತ್ತೆ ನನ್ನನ್ನೇ ನೋಡುತ್ತಿದ್ದ. ಕನ್ನಡಿಯನ್ನು ಓರೆ ಮಾಡಿದೆ. ಪೆಟ್ರೋಲ್ ಹಾಕಿಸಲು ನಿಂತಲ್ಲೆಲ್ಲ, ತಮ್ಮ ಟೀ ಹಿಡಿದು ನನ್ನತ್ತ ಬರುವಾಗ ಬಾನೆಟ್ ಎತ್ತಿ ಎಣ್ಣೆ ನೋಡತೊಡಗುತ್ತಿದ್ದೆ.

"ಯಾಕಕ್ಕ, ಮುಖ ಹಿಂಗಾಗಿದೆ? ಹುಷಾರಿಲ್ವಾ?"

"ಬಿಸ್ಲು ಕಣೋ."

ಅಡಿಲೇಡಿನ ಹೊರವಲಯದ ಸ್ಯಾಲಿಸ್‌ಬರಿಯ ಪಬ್ಬಿನಲ್ಲಿ ಭಾನುವಾರ ಮಧ್ಯಾಹ್ನದ ಶೋ. ನಾನು ಮಾರಾಟಕ್ಕಿದ್ದ ಬ್ಯಾಂಡಿನ ಟಿ-ಶರ್ಟು ಮಡಿಸುತ್ತಿದ್ದೆ. ಗೆಳೆಯ ಬಂದು, "ಅವನೇನಂದ?" ಎಂದು ಕೇಳಿದ. ತಲೆ ಎತ್ತಲಿಲ್ಲ. ಇನ್ನೊಂದು ಟಿ-ಶರ್ಟು ಮಡಿಸಿದೆ. ಅವನು ವೇದಿಕೆಯತ್ತ ಹೊರಟುಹೋದ. ನನ್ನ ಮೌನವನ್ನು ತಮ್ಮನ ಉತ್ತರ ಎಂದುಕೊಂಡ. ಅದು ನನಗೆ ಗೊತ್ತಾಯಿತು, ಆದರೂ ಕರೆಯಲಿಲ್ಲ.

ಕೊನೆಯ ಹಾಡು ಮುಗಿದದ್ದೇ ಅವನು ಗಿಟಾರನ್ನು ಪೆಟ್ಟಿಗೆಗಿಟ್ಟು, ಹೊರಗೆ ಕಾಯುತ್ತಿದ್ದ ಕಾರು ಹತ್ತಿದ. ಆಗ ತಮ್ಮನಿಗೆ ಹೇಳಿದೆ.

"ಯಾವಾಗ ಹೇಳ್ದ ನಿಂಗೆ?" ಎಂದ ತಮ್ಮ.

"ಬ್ರಿಸ್ಬೇನ್‌ನಲ್ಲಿ. ಶೋ ಮುಗೀಲಿ ಅಂತ..."

"ಮೊದ್ಲೇ ಹೇಳಿದ್ರೆ ನಾನು ಇವತ್ತು ಬೆಳಗ್ಗೆನೇ ಹೋಗಿ ಸಾರಿ ಕೇಳ್ತಿದ್ದೆ, ಅಕ್ಕ." ಬೈಯಲಿಲ್ಲ. ವ್ಯಾನಿನ ಕೀ ಕೊಡು ಎಂದು ಕೈ ಚಾಚಿದ.

ಗೆಳೆಯನಿಗೆ ಎಷ್ಟೋ ಸಲ ಫೋನ್ ಮಾಡಿದೆವು, ಎತ್ತಲಿಲ್ಲ. ಪರ್ತ್‌ವರೆಗೂ ತಮ್ಮನೇ ಓಡಿಸಿದ.

ಮನೆಯ ಪದ್ಧತಿ ಎನ್ನುವುದು ನಾನು ಹೇಳಿಕೊಳ್ಳುವ ನೆಪ. ನಿಜವಾಗಿ ಹೆದರಿದ್ದು ತಮ್ಮನ ಮುಖಕ್ಕೆ. ಈಗ ಅವನಿಗೆ ಎಲ್ಲವನ್ನೂ ತಕ್ಷಣ ಹೇಳುತ್ತೇನೆ: ಜ್ವರ ಬಂದದ್ದು, ಪಾತ್ರೆ ಒಡೆದದ್ದು. ಹೇಳಿ ಮುಗಿಸಿದ ಮೇಲೂ ಫೋನಿನ ಆ ಕಡೆ ಅವನು ಸುಮ್ಮನೆ ಕಾಯುತ್ತಾನೆ, ಇನ್ನೂ ಏನೋ ಉಳಿಸಿಕೊಂಡಿದ್ದೇನೆ ಎಂಬಂತೆ.