ಹಾರನ್ ಇಲ್ಲದ ಲಾರಿಯ ಕಾಶೀಬಾಯಿ

ಕಾಶೀಬಾಯಿಯವರ ಲಾರಿಗೆ ಹಾರನ್ ಇರಲಿಲ್ಲ, ಕಾಶೀಬಾಯಿ ಇದ್ದರು. ಎಡಗಡೆಯ ಕಿಟಕಿಯಿಂದ ಅರ್ಧ ಮೈ ಹೊರಚಾಚಿ, "ಏ ಎಮ್ಮಿ! ಏ ಸೈಕಲ್! ಜರಾ ಬಾಜು ಸರಿ!" ಎಂದು ಕೂಗಿದರೆ ಎಮ್ಮೆ, ಸೈಕಲ್ಲು, ಒಮ್ಮೊಮ್ಮೆ ಎದುರಿನ ಬಸ್ಸೂ ಬದಿಗೆ ಸರಿಯುತ್ತಿತ್ತು. ಗಂಡ ತೀರಿಕೊಂಡ ಮೇಲೆ ಆ ಒಂದೇ ಲಾರಿಯನ್ನು ನಂಬಿಕೊಂಡು ಭಾಲ್ಕಿಯಲ್ಲಿದ್ದರು. ಕ್ಯಾಬಿನ್ ಹತ್ತುವಾಗ ಚಪ್ಪಲಿ ಬಿಚ್ಚುತ್ತಿದ್ದರು, ಡ್ರೈವರನಿಂದಲೂ ಬಿಚ್ಚಿಸುತ್ತಿದ್ದರು.

ನನಗೆ ಆಗಷ್ಟೇ ಹೆವಿ ಲೈಸೆನ್ಸ್ ಬಂದಿತ್ತು. ಫೋಟೋ ಹೊರಗೆ ಕಾಣುವಂತೆ ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಬೀದರಿನ ಟ್ರಾನ್ಸ್‌ಪೋರ್ಟ್ ಆಫೀಸುಗಳನ್ನೆಲ್ಲ ಸುತ್ತಿದೆ. ನನ್ನನ್ನು ನೋಡಿದೊಡನೆ ಯಾರಾದರೂ ಕೀಲಿ ಎಸೆಯುತ್ತಾರೆ ಎಂದುಕೊಂಡಿದ್ದೆ. ಎಲ್ಲರೂ ಕೇಳಿದ್ದು ಒಂದೇ: "ಎಷ್ಟ ವರ್ಷದ ಅನುಭವ?" ಲೆಕ್ಕ ಬರೆಯುವ ಒಬ್ಬ ಮುನಶಿ ಲೈಸೆನ್ಸನ್ನು ತಿರುಗಿಸಿ ನೋಡಿ, "ಫೋಟೋ ಛಲೋ ಬಂದದ. ಕನ್ಯಾ ನೋಡೋ ಮುಂದ ಕೆಲಸಕ್ಕ ಬರ್ತದ, ಇಟ್ಕೊ" ಎಂದ. "ಭಾಲ್ಕಿಗಿ ಹೋಗು, ಕಾಶೀಬಾಯಿ ಡ್ರೈವರ್ ಹುಡುಕ್ಲತ್ಯಾರ" ಎಂದವನೂ ಅವನೇ.

ಬರಗಾಲದ ವರ್ಷಗಳವು. ಕೈ ಪಳಗಿದ ಡ್ರೈವರುಗಳೆಲ್ಲ ಹೈದರಾಬಾದು, ಪುಣೆ ಸೇರಿದ್ದರು. ಔರಾದಿನ ಗೋಶಾಲೆಗೆ ಮೇವು ಸಾಗಿಸುವ ಕೆಲಸ ಕಾಶೀಬಾಯಿಗೆ ಸಿಕ್ಕಿತ್ತು; ಓಡಿಸುವವರಿಲ್ಲದೆ ಅದು ಕೈತಪ್ಪುವುದರಲ್ಲಿತ್ತು. ಭಾಲ್ಕಿಗೆ ಹೋಗಿ ಅವರೆದುರು ನಿಂತು, ಲೈಸೆನ್ಸ್ ತೋರಿಸಲು ನಾನು ಕಿಸೆಗೆ ಕೈ ಹಾಕಿದೆ.

"ಅದು ಪೊಲೀಸರಿಗಿ ತೋರ್ಸು. ಗಾಡಿ ಹೊಡಿಲಾಕ ಅಂಜಿಕಿ ಬರ್ತದೇನು?"

"ಇಲ್ರಿ ಬಾಯಿ, ಏನೂ ಅಂಜಿಕಿ ಇಲ್ಲ."

"ಹಂಗಾದ್ರ ಮೊದಲ ಅಂಜೋದು ಕಲಿ. ನಾಳಿ ಬಾ."

ಮರುದಿನ ಬೀದರಿನಲ್ಲಿ ಜೋಳದ ಕಣಕಿ ಮೇವು ತುಂಬಿಕೊಂಡು ಹೊರಟೆವು. ಜನವಾಡ ದಾಟುವಷ್ಟರಲ್ಲಿ ನಾನು ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿಯುವಷ್ಟು ದೊಡ್ಡ ಡ್ರೈವರ್ ಆಗಿಬಿಟ್ಟಿದ್ದೆ. ಸಂತಪುರದ ಹತ್ತಿರ ಬಸ್ಸಿಗೆ ದಾರಿ ಬಿಡಲು ಹೋಗಿ ಎಡಗಾಲಿಗಳನ್ನು ತಗ್ಗಿಗೆ ಇಳಿಸಿದೆ. ಹಿಂದಕ್ಕೆ ತೆಗೆಯಲು ನೋಡಿದಷ್ಟೂ ಲಾರಿ ವಾಲಿತು. ಹಗ್ಗ ಹರಿದು ಅರ್ಧ ಮೇವು ನೆಲಕ್ಕೆ ಬಿತ್ತು. ಜನ ಬರುವ ಮೊದಲೇ ಪಕ್ಕೆಲುಬು ಕಾಣುವ ದನಗಳು ಬಂದು ಬಾಯಿ ಹಾಕಿದವು. ನಾನು ಬಡಿಗೆ ಹಿಡಿದು ಬರಿಗಾಲಲ್ಲಿ ಅವುಗಳ ನಡುವೆ ಓಡಾಡಿದೆ. ಒಂದೂ ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಬಾಯಿ ಇಳಿದು ಬಂದರು. "ಬಡಿಗಿ ಒಗಿ. ಔರಾದ್ ದನಕ್ಕ ಅಷ್ಟೇ ಹೊಟ್ಟಿ ಇರ್ತದೇನು? ತಿನ್ಲಿ ಬಿಡು."

ಊರವರು ಟ್ರ್ಯಾಕ್ಟರ್ ತಂದು ಲಾರಿ ಎಳೆದುಕೊಟ್ಟರು. ಔರಾದಿನಲ್ಲಿ ಅರ್ಧ ಲೋಡ್ ನೋಡಿದ ಮೇಲ್ವಿಚಾರಕ ಕೆಂಡವಾದ, ನಾಳೆಯಿಂದ ಬರಬೇಡಿ ಎಂದ. ನಾನು ಲಾರಿಯ ಹಿಂದೆ ನಿಂತುಕೊಂಡೆ.

"ಗಾಡಿ ತಗ್ಗಿಗಿ ಬಿತ್ರಿ ಸಾಹೇಬ್ರ. ಬಿದ್ದ ಮೇವು ಹಸದ ದನ ತಿಂದಾವ. ಕಡಿಮಿ ಆದದ್ದು ನಾ ತುಂಬಿ ಕೊಡ್ತೇನಿ" ಎಂದರು ಬಾಯಿ. ಓಡಿಸಿದವನು ಯಾರೆಂದು ಹೇಳಲೇ ಇಲ್ಲ. ಆತ ಗೊಣಗುತ್ತ ಒಪ್ಪಿದ.

ಭಾಲ್ಕಿಗೆ ಮರಳಿದೆವು. ಕೀಲಿ ಕೊಟ್ಟು ಚಪ್ಪಲಿ ಮೆಟ್ಟಿಕೊಂಡೆ.

"ನಾಳಿ ಜಲ್ದಿ ಬಾ."

"ಬಾಯಿ, ಮತ್ತ ತಗ್ಗಿಗಿ ಬಿದ್ರ?"

"ತಗ್ಗಿಗಿ ಬೀಳೋದು ಇವತ್ತ ಕಲ್ತಿ. ನಾಳಿ ಬ್ಯಾರೆ ಏನರ ಕಲಿ."

ನಾನು ವಿಧೇಯ ವಿದ್ಯಾರ್ಥಿ. ಚಿಂತಾಕಿಯಲ್ಲಿ ಬೇವಿನ ಕೊಂಬೆ ಮುರಿಯುವುದನ್ನೂ, ಕೆಸರಿಲ್ಲದ ಹಳ್ಳದಲ್ಲಿ ಹೂತುಕೊಳ್ಳುವುದನ್ನೂ ಕಲಿತೆ. ನಿಧಾನವಾಗಿ ಗಾಡಿ ಓಡಿಸುವುದೂ ಬಂತು.

ಮಳೆ ಬಿದ್ದು ಗೋಶಾಲೆ ಮುಚ್ಚಿದಾಗ ಬಾಯಿ ತಾವೇ ನನ್ನನ್ನು ಬೀದರಿಗೆ ಕರೆದುಕೊಂಡು ಹೋಗಿ ಒಂದು ದೊಡ್ಡ ಆಫೀಸಿನ ಮುಂದೆ ನಿಲ್ಲಿಸಿದರು. "ದಾರಿ ಗೊತ್ತದ ಏನ್ರಿ ಇಂವಗ?" ಎಂದು ಅಲ್ಲಿನವರು ಕೇಳಿದರು.

"ಇಂವಗ ಗೊತ್ತಿಲ್ಲದ ತಗ್ಗು ಈ ಜಿಲ್ಲಾದಾಗ ಒಂದೂ ಇಲ್ರಿ."

ಅವರು ಅದನ್ನು ಹೊಗಳಿಕೆ ಎಂದುಕೊಂಡರು. ನಾನೂ ಗಂಭೀರವಾಗಿ ತಲೆಯಾಡಿಸಿದೆ. ಬಾಯಿ ಸೆರಗಿನಿಂದ ನಗು ಮುಚ್ಚಿಕೊಂಡು ಭಾಲ್ಕಿ ಬಸ್ಸು ಹತ್ತಿದರು. ಅವರನ್ನು ನೋಡಿದ್ದು ಅದೇ ಕೊನೆ.

ಕೆಲವು ವರ್ಷಗಳ ನಂತರ ಮೆರೆಯಬೇಕೆಂದೇ ಕಂಪನಿಯ ಹೊಸ ಲಾರಿಯನ್ನು ಭಾಲ್ಕಿಯ ಕಡೆ ತಿರುಗಿಸಿದೆ. ಅದು ಅವರ ಓಣಿಯೊಳಗೆ ತೂರಲಿಲ್ಲ. ದಾರಿಯಲ್ಲೇ ಬಿಟ್ಟು ನಡೆದು ಹೋದೆ. ಬಾಗಿಲಿಗೆ ಬೀಗವಿತ್ತು. ಪಕ್ಕದ ಮನೆಯ ಮುದುಕಿ ಹೊರಬಂದು, "ಬಾಯಿ ತೀರಿಹೋಗಿ ತಿಂಗಳಾತು" ಎಂದಳು. ದೂರದ ಲಾರಿಯನ್ನೂ ನನ್ನ ಮುಖವನ್ನೂ ನೋಡಿ, "ಒಳಗ ಬರ್ರಿ ಡ್ರೈವರ್ ಸಾಬ್, ಚಹಾ ಕುಡದು ಹೋಗ್ರಿ" ಎಂದಳು.

ಆ ಓಣಿಯಲ್ಲಿ ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಕೇಳಿ ನಗಬೇಕಾದವರು ಇರಲಿಲ್ಲ.