ಕತ್ತರಿ ಹಿಡಿದ ಗಂಡಸರು

ಹೆಬ್ಬೆರಳಿಗೆ ಮೆತ್ತಿದ ಅಂಟು ಒಣಗಿದ ಮೇಲೆ ಅದನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಒಂದಿಷ್ಟೂ ಹರಿಯದಂತೆ ಪೊರೆಯಾಗಿ ಸುಲಿದು ತೆಗೆಯುವುದರಲ್ಲಿ ಒಂದು ಸುಖವಿದೆ. ಅರುವತ್ತೆರಡು ತುಂಬಿದ ಮೇಲೆ ಈ ಸುಖ ನನಗೆ ಮರಳಿ ಸಿಕ್ಕಿದೆ ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ, ಕಡಬ ಪೇಟೆಯಲ್ಲಿ ಈಗಾಗಲೇ ನಕ್ಕವರು ಬೇಕಾದಷ್ಟು ಮಂದಿ ಇದ್ದಾರೆ.

ಕೂರುವುದು ನನ್ನ ಜಾಯಮಾನವಲ್ಲ. ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ಕೊರಳಿಗೆ ವಿಶಲ್ ಹಾಕಿಕೊಂಡು ನಿಂತಿದ್ದ ದೈಹಿಕ ಶಿಕ್ಷಕ ನಾನು. ನಿವೃತ್ತಿಯ ಆದೇಶ ಕೈಗೆ ಬಂತೇ ಹೊರತು ಕಾಲಿಗೆ ತಲುಪಲಿಲ್ಲ. ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ, ಅದೂ ಬೇಸರವಾದರೆ ಇಚಿಲಂಪಾಡಿಯ ಜೀಪು ಹತ್ತಿ, ಅಲ್ಲಿ ಏನೂ ಕೆಲಸವಿಲ್ಲದೆ ಇಳಿದು, ಅದೇ ಜೀಪಿನಲ್ಲಿ ವಾಪಸು. ಪತ್ರಿಕೆ ಬಿಡಿಸಿದರೆ ತಲೆಬರಹದಿಂದ ಕೆಳಗೆ ಕಣ್ಣು ಇಳಿಯುತ್ತಿರಲಿಲ್ಲ. ಎಲ್ಲಿಗೋ ತಡವಾಗುತ್ತಿದೆ ಎಂಬ ಚಡಪಡಿಕೆ. ಎಲ್ಲಿಗೆಂದು ಮಾತ್ರ ತಿಳಿಯದು.

ಈ ಅಲೆದಾಟದ ನಡುವೆ ನಾನು ನಿಲ್ಲುತ್ತಿದ್ದುದು ಹಮೀದಾಕನ ಚಪ್ಪಲಿ ಅಂಗಡಿಯಲ್ಲಿ. ವಾರವಿಡೀ ಚಪ್ಪಲಿ ಮಾರುವ ಈ ಗೆಳೆಯ ಕಬಡ್ಡಿ ಪಂದ್ಯಾಟವೆಂದರೆ ಮೈಕ್ ಹಿಡಿದು ನಿಲ್ಲುವ ಉದ್ಘೋಷಕ. ಸುಳ್ಯ, ಪುತ್ತೂರು, ಈಶ್ವರಮಂಗಲ, ಎಲ್ಲಿ ಪಂದ್ಯವಿದ್ದರೂ ನಾನು ತೀರ್ಪುಗಾರ, ಅವನು ಮಾತುಗಾರ. ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಮೈಕಿನಲ್ಲಿ ಕನ್ನಡ, ಗಡಿಯಾಚೆಯ ತಂಡ ಬಂದರೆ ಮಲಯಾಳ, ಸುಳ್ಯದವನಾದ ನನ್ನನ್ನು ರೇಗಿಸುವುದಕ್ಕೆಂದೇ ಕಲಿತ ಅರೆಭಾಷೆ. ಹೀಗೆ ಐದು ಭಾಷೆಗಳಲ್ಲಿ ಅವನ ನಾಲಿಗೆ ಓಡಾಡುತ್ತಿತ್ತು.

ಕಳೆದ ವರ್ಷ ಒಬ್ಬರಿಗೆ ಚಪ್ಪಲಿಯ ಅಳತೆ ನೋಡುತ್ತಿದ್ದಂತೆಯೇ ಅವನಿಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು. ಬಲಗೈ ಸೋತಿತು. ಐದು ಭಾಷೆಗಳೂ ಒಟ್ಟಿಗೆ ಹೊರಟುಹೋಗಿ, ಬಾಯಲ್ಲಿ ಉಳಿದದ್ದು ‘ಅದು… ಅದು…’ ಎಂಬ ಒಂದೇ ಪದ. ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತಿತ್ತು. ಹೇಳಬೇಕಾದದ್ದು ಹೊರಗೆ ಬರುತ್ತಿರಲಿಲ್ಲ.

ನಾನು ದಿನವೂ ಅವನ ಮನೆಗೆ ಹೋಗುತ್ತಿದ್ದೆ. ‘ಹೇಗುಂಟು?’ ಎನ್ನುತ್ತಿದ್ದೆ. ಅವನು ‘ಅದು…’ ಎಂದು ಬೆವರುತ್ತಿದ್ದ. ಐದು ನಿಮಿಷದಲ್ಲಿ ನಾನು ಅಂಗಳ ದಾಟಿರುತ್ತಿದ್ದೆ. ಒಂದು ದಿನ ಅವನ ಹೆಂಡತಿ ನಫೀಸಾ ಬಾಗಿಲಲ್ಲೇ ಹಿಡಿದು ನಿಲ್ಲಿಸಿದಳು. ‘ಮಾಸ್ಟ್ರೆ, ನೀವು ಬರುದೇ ಹೋಗ್ಲಿಕ್ಕೆ. ಚಪ್ಪಲಿ ಕೂಡ ಸರಿ ಬಿಚ್ಚುದಿಲ್ಲ. ಅವರಿಗೆ ಅದು ಗೊತ್ತಾಗುದಿಲ್ಲ ಅಂತ ಎಣಿಸಿದ್ದೀರಾ?’

ಆ ಮಾತು ಚುಚ್ಚಿತು. ಮೂವತ್ತು ವರ್ಷದ ಸ್ನೇಹದಲ್ಲಿ ಮಾತನ್ನು ತೆಗೆದರೆ ಒಬ್ಬರ ಪಕ್ಕ ಒಬ್ಬರು ಹೇಗೆ ಇರಬೇಕೆಂಬುದೇ ನಮಗೆ ಗೊತ್ತಿರಲಿಲ್ಲ.

ಪುತ್ತೂರಿನಲ್ಲಿ ಮಾತಿನ ಚಿಕಿತ್ಸೆ ಕೊಡುವ ಹುಡುಗಿಯೊಬ್ಬಳ ಬಳಿಗೆ ಅವನನ್ನು ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಆಕೆ ಚಿತ್ರಗಳ ಪುಸ್ತಕ ತೆರೆದು ಸೇಬು, ಬಾತುಕೋಳಿ, ಹಿಮದ ಗೊಂಬೆ ತೋರಿಸಿದಳು. ಹಮೀದಾಕ ಮುಖ ತಿರುಗಿಸಿದ. ಆಕೆ ಪುಸ್ತಕ ಮುಚ್ಚಿ ನನ್ನತ್ತ ನೋಡಿದಳು. ‘ಅಂಕಲ್, ಇವರದ್ದೇ ಒಂದು ಸ್ಕ್ರ್ಯಾಪ್ ಬುಕ್ ಮಾಡಿ. ಇವರು ಕಂಡದ್ದು, ಮುಟ್ಟಿದ್ದು ಎಲ್ಲ ಅಂಟಿಸಿ. ನೀವೊಬ್ಬರೇ ಮಾಡುದಲ್ಲ, ಇಬ್ಬರೂ ಕೂತು.’

‘ಅದು ಶಾಲೆ ಮಕ್ಕಳ ಪ್ರಾಜೆಕ್ಟ್ ಅಲ್ವಾ?’

‘ಹೌದು. ಮಕ್ಕಳು ದೊಡ್ಡವರಾದ ಮೇಲೆ ಯಾಕೆ ಬಿಡ್ತಾರೆ ಅಂತ ನನಗೂ ಗೊತ್ತಿಲ್ಲ.’

ಬೆಂಕಿಪೊಟ್ಟಣದ ಚಿತ್ರಗಳನ್ನು ನೋಟುಪುಸ್ತಕಕ್ಕೆ ಅಂಟಿಸುತ್ತಿದ್ದ ನಾನು ಅದನ್ನು ಯಾವಾಗ ಬಿಟ್ಟೆನೆಂದು ಬಸ್ಸಿನಲ್ಲಿ ಯೋಚಿಸಿದೆ. ಮೀಸೆ ಮೂಡಿದಾಗಲೇ ಇರಬೇಕು.

ದಪ್ಪ ಹಾಳೆಗಳ ಪುಸ್ತಕ, ಕತ್ತರಿ, ಅಂಟು ತಂದೆ. ನಫೀಸಾ ಕಪಾಟಿನಿಂದ ಒಂದು ಪೆಟ್ಟಿಗೆ ಇಳಿಸಿದಳು. ಪಂದ್ಯಾಟದ ಕರಪತ್ರಗಳು, ಎದೆಗೆ ಚುಚ್ಚಿದ್ದ ಬ್ಯಾಡ್ಜುಗಳು, ಪತ್ರಿಕೆಯ ತುಣುಕುಗಳು, ಆಟಗಾರರ ಹೆಸರು ಗೀಚಿದ್ದ ಚೀಟಿಗಳು. ಹಾರಿಹೋಗುವ ಮಾತನ್ನೇ ನಂಬಿದ್ದ ಈ ಮನುಷ್ಯ ಇಷ್ಟೊಂದು ಕಾಗದ ಕೂಡಿಟ್ಟಿದ್ದನೆಂದು ನನಗೆ ಗೊತ್ತೇ ಇರಲಿಲ್ಲ.

ಮೊದಲ ವಾರ ನನಗದು ಶಿಕ್ಷೆಯೇ. ಕಾಲು ಮಂಡಿಯಿಂದ ಕೆಳಗೆ ತಾನಾಗಿ ಕುಣಿಯುತ್ತಿತ್ತು. ನಾನು ಕತ್ತರಿಸುವುದು, ಅವನು ಎಡಗೈಯಿಂದ ಅಂಟಿಸುವುದು. ಪ್ರತಿಯೊಂದು ತುಣುಕಿಗೂ ಅವನಿಗೆ ಒಂದು ಯುಗ ಬೇಕು. ನಾಲ್ಕನೆಯ ದಿನ ಅವನು ಸುಳ್ಯದ ಕರಪತ್ರವನ್ನು ಪುತ್ತೂರಿನ ಪುಟಕ್ಕೆ ಒತ್ತಿದ, ಅದೂ ಓರೆಯಾಗಿ. ‘ಅಲ್ಲಿ ಅಲ್ಲ ಮಾರಾಯ, ಇಲ್ಲಿ!’ ಎಂದು ನಾನು ಅವನ ಕೈಯಡಿಯಿಂದಲೇ ಅದನ್ನು ಕಿತ್ತೆ. ಕಾಗದ ಹರಿಯಿತು. ಹಮೀದಾಕ ನನ್ನನ್ನು ನೋಡಿದ; ಬೈಗುಳಗಳೆಲ್ಲ ಗಂಟಲವರೆಗೆ ಬಂದು ಅಲ್ಲೇ ನಿಂತವು. ಆಮೇಲೆ ಎಡಗೈಯಿಂದ ಪುಸ್ತಕವನ್ನು ನೆಲಕ್ಕೆ ತಳ್ಳಿ, ಗೋಡೆಯ ಕಡೆ ತಿರುಗಿ ಮಲಗಿದ.

ಆರು ದಿನ ನಾನು ಹೋಗಲಿಲ್ಲ. ಜೀಪು ಹತ್ತಿದೆ, ಇಳಿದೆ. ಸಾಲು ತಪ್ಪಿದ ಮಕ್ಕಳನ್ನು ತೋಳು ಹಿಡಿದು ಸಾಲಿಗೆ ನಿಲ್ಲಿಸಿದ ಕೈ ನನ್ನದು. ಮಾತು ಕಳೆದುಕೊಂಡವನ ಪುಟವನ್ನೂ ಅದು ನೆಟ್ಟಗೆ ಮಾಡಲು ಹೋಗಿತ್ತು. ಏಳನೆಯ ದಿನ ನಫೀಸಾಳ ಫೋನು ಬಂತು. ‘ಮಾಸ್ಟ್ರೆ, ಬನ್ನಿ. ಎಂತದೋ ತೋರಿಸ್ಲಿಕ್ಕೆ ಉಂಟಂತೆ.’

ಹೋದೆ. ಚಪ್ಪಲಿ ಸರಿಯಾಗಿ ಬಿಚ್ಚಿದೆ. ಮೇಜಿನ ಮೇಲೆ ಪುಸ್ತಕ ತೆರೆದಿತ್ತು. ಕಬಡ್ಡಿ ಅಂಕಣದ ಚಿತ್ರವಿದ್ದ ಕರಪತ್ರವೊಂದನ್ನು ಪುಟದ ನಡುವೆ ಓರೆಯಾಗಿ ಅಂಟಿಸಿದ್ದ. ಗುಂಪು ಫೋಟೊ ಒಂದರಿಂದ ನನ್ನನ್ನು ಎಡಗೈಯಿಂದಲೇ ಕತ್ತರಿಸಿ ತೆಗೆದಿದ್ದ. ಒಂದು ಕಿವಿ ಹಾರಿಹೋಗಿತ್ತು. ಆ ನನ್ನನ್ನು ಅಂಕಣದ ಗೆರೆಯಿಂದಾಚೆ, ಪುಟದ ಮೂಲೆಯಲ್ಲಿ ಅಂಟಿಸಿದ್ದ. ನನ್ನ ಎದೆಯ ಮೇಲೆ ಬೆರಳಿಟ್ಟು, ಉಸಿರು ಎಳೆದು, ಅವನು ಹೇಳಿದ:

‘ಔ… ಟ್!’

ನಫೀಸಾ ಬಾಯಿಗೆ ಸೆರಗು ಒತ್ತಿಕೊಂಡಳು. ಅವಳು ನಕ್ಕಳೋ ಅತ್ತಳೋ ನಾನು ನೋಡಲಿಲ್ಲ. ನನಗೆ ನನ್ನದೇ ಸಾಕಾಗಿತ್ತು. ಇಷ್ಟು ವರ್ಷ ಎಷ್ಟೋ ಜನರನ್ನು ಹೊರಗೆ ಕಳುಹಿಸಿದ ನಾನು ಅಂದು ಮೊದಲ ಬಾರಿಗೆ ತೀರ್ಪನ್ನು ತಲೆಬಾಗಿ ಒಪ್ಪಿಕೊಂಡೆ.

ಆ ಮೇಲೆ ಪವಾಡವೇನೂ ನಡೆಯಲಿಲ್ಲ. ಪದಗಳು ಒಂದೊಂದೇ ಬರುತ್ತವೆ, ಕೆಲವು ಮರುದಿನ ಮತ್ತೆ ಮರೆಯಾಗುತ್ತವೆ. ಮೈಕ್ ಈಗ ಬೇರೆಯವರ ಕೈಯಲ್ಲಿದೆ. ಆದರೆ ವಾರಕ್ಕೆ ಮೂರು ಮಧ್ಯಾಹ್ನ ನಾವು ಕೂರುತ್ತೇವೆ. ಗೆಳೆಯರೇ, ನೀವೂ ಕೂತು ನೋಡಿ ಎಂದು ನಾನು ಹೇಳುವುದು ಇದಕ್ಕೇ. ನಾವು ಗಂಡಸರು ದುಃಖ ಬಂದಾಗ ಪೇಟೆಗೆ ಹೊರಡುತ್ತೇವೆ, ಪ್ರೀತಿ ಬಂದಾಗ ಬೆನ್ನು ಗುದ್ದುತ್ತೇವೆ. ಮುಖ ಮುಖ ನೋಡಿಕೊಳ್ಳದೆ, ಒಂದೇ ಹಾಳೆಯ ಮೇಲೆ ಬಗ್ಗಿ, ಒಬ್ಬ ಹಿಡಿದ ಕಾಗದಕ್ಕೆ ಇನ್ನೊಬ್ಬ ಅಂಟು ಸವರುತ್ತಾ ಸುಮ್ಮನಿರುವುದು ಸಾಧ್ಯವೆಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ನನ್ನ ಚಡಪಡಿಕೆ ಹೋಗಿಲ್ಲ, ಸುಳ್ಳು ಹೇಳಲಾರೆ. ಅದಕ್ಕೆ ಈಗ ಕೈಯಲ್ಲೊಂದು ಕತ್ತರಿ ಸಿಕ್ಕಿದೆ, ಅಷ್ಟೇ.

ಹೋದ ಶುಕ್ರವಾರ ಮಧ್ಯಾಹ್ನ ನೆರೆಯ ಕುಂಞಣ್ಣ ಬಂದು ಬಾಗಿಲಲ್ಲಿ ನಿಂತರು. ಬಸ್ಸು ಓಡಿಸಿ ನಿವೃತ್ತರಾದವರು. ಹೆಂಡತಿ ತೀರಿಹೋಗಿ ಎಂಟು ತಿಂಗಳು. ನಮ್ಮ ಕತ್ತರಿ ಕೆಲಸವನ್ನು ಎಲ್ಲರಿಗಿಂತ ಜೋರಾಗಿ ಹಾಸ್ಯ ಮಾಡಿದವರೂ ಅವರೇ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ‘ಸುಮ್ಮನೆ ಬಂದದ್ದು ಮಾರಾಯ್ರೆ’ ಎಂದರು. ಆಮೇಲೆ ‘ಇದೆಲ್ಲ ಎಂತ ಮಾಡುದು ಅಂತ ಗೊತ್ತಾಗುದಿಲ್ಲ’ ಎಂದು ಚೀಲ ತೆರೆದರು. ಮಾಸಿದ ಒಂದು ಫೋಟೊ, ರಿಬ್ಬನ್ನಿನ ತುಂಡು, ಸಾಮಾನಿನ ಒಂದು ಚೀಟಿ. ಅಕ್ಕಿ, ಮೆಣಸು, ಸಾಬೂನು ಎಂದು ಆಕೆ ಬರೆದಿದ್ದಳು. ಕೊನೆಯ ಸಾಲು, ‘ಕೊಡೆ ಮರೆಯಬೇಡಿ.’

ಹಮೀದಾಕ ನನ್ನ ಕೈಯಿಂದ ಕತ್ತರಿ ತೆಗೆದುಕೊಂಡು, ಹಿಡಿಯ ಕಡೆ ಅವರತ್ತ ತಿರುಗಿಸಿ, ಎಡಗೈಯಿಂದ ಚಾಪೆಯ ಮೇಲಿನ ಕಾಗದದ ಚೂರುಗಳನ್ನು ಸರಿಸಿ ಜಾಗ ಮಾಡಿದ. ಅವನ ತುಟಿ ಎರಡು ಸಲ ತಡವರಿಸಿತು.

‘ಕೂ… ತ್ಕೊ.’

ಕುಂಞಣ್ಣ ಕೂತರು.