ಹಾರ್ವಿಕನ ಕುತ್ತಿಗೆಗಾಗಿ ಹಿಡಿದ ಉಪವಾಸ

ನಸುಕಿನ ಸುಬಹಿ ನಮಾಝ್ ಮುಗಿದ ಕೂಡಲೇ ಜೈನಬಮ್ಮ ಚಾಪೆ ಮಡಚುವುದಿಲ್ಲ. ಅಲ್ಲೇ ಕುಳಿತು ಎರಡೂ ಕೈ ಎತ್ತಿ, ಒಬ್ಬೊಬ್ಬರ ಹೆಸರು ಹಿಡಿದು ದುಆ ಮಾಡುತ್ತಾರೆ. ಜ್ವರ ಬಂದಿರಲಿ, ನೆಂಟರ ಮದುವೆಗೆ ಹೋಗಿರಲಿ, ಇದೊಂದು ತಪ್ಪಿದ್ದಿಲ್ಲ. ಮೊದಲ ಹೆಸರು ತೀರಿಹೋದ ಗಂಡ ಮೂಸಾ. ಆಮೇಲೆ ತಾಯಿ ತಂದೆ. ಬಳಿಕ ಮಗ ಅಸ್ಕರ್, ಸೊಸೆ ರಾಫಿಯಾ, ಹೊಟ್ಟೆನೋವಿನಿಂದ ಸೊರಗಿದ ಪಕ್ಕದ ಮನೆಯ ತುಕ್ರಪ್ಪ. ಅವರೆಲ್ಲರ ನಂತರ, ವಾಮದಪದವಿನ ಇನ್ಯಾವ ಮನೆಯಲ್ಲೂ ಯಾರೂ ದೇವರ ಮುಂದೆ ಎತ್ತದ ಒಂದು ಹೆಸರು ಬರುತ್ತಿತ್ತು: ಹಾರ್ವಿಕ್. ಕಟ್ಟಕಡೆಗೆ ಕೇಬಲ್ಲಿನ ಶೇಖರ.

ಹಾರ್ವಿಕ್ ಎಂದರೆ ಟಿವಿಯಲ್ಲಿ ಕುಸ್ತಿ ಆಡುವ ಅಮೆರಿಕದ ಆಳು. ಬಾಗಿಲು ತುಂಬುವಷ್ಟು ದೊಡ್ಡ ದೇಹ, ಕೆಂಪು ಗಡ್ಡ, ಗೆದ್ದಾಗಲೂ ತಲೆ ತಗ್ಗಿಸಿ ನಿಲ್ಲುವ ಗುಣ. ಅವನಿಗೂ ಬೀಡಿ ಕಟ್ಟುತ್ತಾ ದಿನ ಕಳೆಯುವ ಜೈನಬಮ್ಮನಿಗೂ ಸಂಬಂಧ ಬೆಳೆದದ್ದು ಮೂಸಾ ಹಾಸಿಗೆ ಹಿಡಿದ ಮೇಲೆ.

ಮೂಸಾ ವಾಮದಪದವಿನ ಪೇಟೆಯಲ್ಲಿ ಜೀನಸಿನ ಅಂಗಡಿ ಇಟ್ಟವರು. ಒಂದು ಮಧ್ಯಾಹ್ನ ತಕ್ಕಡಿ ಹಿಡಿದಲ್ಲೇ ಕುಸಿದರು. ಬಲಗಡೆ ಪೂರ್ತಿ ಸತ್ತುಹೋಯಿತು, ಮಾತು ನಿಂತಿತು. ಹೊತ್ತು ಹೋಗಲೆಂದು ಅಸ್ಕರ್ ಮಂಚವನ್ನು ಚಾವಡಿಗೆ ತಂದು, ಎದುರು ಟಿವಿ ಇಟ್ಟು, ಶೇಖರನನ್ನು ಕರೆದು ಕೇಬಲ್ ಹಾಕಿಸಿದ. ಶೇಖರ ಆಗ ತೆಳ್ಳಗಿನ ಜವ್ವನಿಗ. ತಂತಿ ಸಿಕ್ಕಿಸಿ ಒಂದೊಂದೇ ಚಾನೆಲ್ ತಿರುಗಿಸುತ್ತಿದ್ದಾಗ ಕುಸ್ತಿ ಬಂತು. ಹಾರ್ವಿಕ್ ಒಬ್ಬನನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ. ಮೂಸಾರ ಎಡಗೈ ಮಂಚದ ಮೇಲೆ ಒಮ್ಮೆ ಬಡಿಯಿತು. ಆಸ್ಪತ್ರೆಯಿಂದ ಬಂದ ಮೇಲೆ ಆ ಕೈ ತಾನಾಗಿ ಅಲುಗಿದ್ದು ಅದೇ ಮೊದಲು.

ಅಂದಿನಿಂದ ಆ ಮನೆಯಲ್ಲಿ ಕುಸ್ತಿ ಬಂದಾಗ ಟಿವಿ ಆರುತ್ತಿರಲಿಲ್ಲ. ಮೊದಮೊದಲು ಜೈನಬಮ್ಮ ಮುಖ ತಿರುಗಿಸಿ ಕೂರುತ್ತಿದ್ದರು. "ಇಷ್ಟು ದೊಡ್ಡ ದೇಶದಲ್ಲಿ ಇವರಿಗೆ ಉಡಲಿಕ್ಕೆ ಒಂದು ಪಂಚೆ ಇಲ್ಲವಾ ಮಗಾ?" ಎಂದು ಶೇಖರನನ್ನು ಕೇಳಿದ್ದೇ ಅವರ ಮೊದಲ ಪ್ರಶ್ನೆ. ಎರಡನೆಯದು, ಆ ಕೆಂಪು ಗಡ್ಡದವನು ಯಾಕೆ ಅಷ್ಟು ಬೇಸರದಲ್ಲಿದ್ದಾನೆ ಎಂದು. ಗಂಡನ ಕಣ್ಣು ಕೇಳುತ್ತಿದ್ದುದನ್ನು ಅವರು ಬಾಯಲ್ಲಿ ಕೇಳುತ್ತಿದ್ದರು. ಟಿವಿಯೊಳಗಿನವರು ಇಂಗ್ಲಿಷಿನಲ್ಲಿ ಬಡಬಡಿಸುವುದು ಮನೆಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಶೇಖರನಿಗೆ ತಿಳಿಯುತ್ತಿತ್ತು. ಕೇಬಲ್ಲಿನ ಹಣಕ್ಕೆ ಬಂದವನು ಚಾವಡಿಯ ಜಗಲಿಯಲ್ಲಿ ಕುಳಿತು, ಚಾ ಕುಡಿಯುತ್ತಾ, ಹಾರ್ವಿಕನ ಸುದ್ದಿಯನ್ನು ತನ್ನದೇ ನೆಂಟರ ಸುದ್ದಿ ಹೇಳಿದ ಹಾಗೆ ಹೇಳುತ್ತಿದ್ದ. ಜತೆಗೆ ಉಂಡು ಮಲಗಿದ ಗೆಳೆಯ ಕ್ರೋಮ್ ಎಂಬವನು ಹಿಂದಿನಿಂದ ಅವನಿಗೆ ಕುರ್ಚಿಯಲ್ಲಿ ಹೊಡೆದದ್ದು. ಹಾರ್ವಿಕನ ಹೆಂಡತಿ ಕಾರು ಅಪಘಾತದಲ್ಲಿ ತೀರಿಕೊಂಡದ್ದು. ಅವಳ ನೆನಪಿಗೆ ಅವನು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡದ್ದು. ಅದನ್ನು ಕೇಳಿದ ದಿನ ಮೂಸಾರ ಕಣ್ಣಿನಿಂದ ನೀರು ಇಳಿಯಿತು. ಜೈನಬಮ್ಮ ತನ್ನ ಸೆರಗಿನಿಂದ ಒರೆಸಿದರು.

ಮೂಸಾ ತೀರಿಕೊಂಡ ಮೇಲೂ ಟಿವಿ ಅಲ್ಲೇ ಉಳಿಯಿತು, ಶೇಖರನ ಬರವೂ ನಿಲ್ಲಲಿಲ್ಲ. ಜೈನಬಮ್ಮ ಬೀಡಿ ಎಲೆಯ ಗೆರಸೆಯನ್ನು ಮಡಿಲಲ್ಲಿಟ್ಟು, ಎಲೆ ಸುರುಳಿ ಸುತ್ತಿ ನೂಲು ಕಟ್ಟುತ್ತಾ ನೋಡುತ್ತಿದ್ದರು. ಅಸ್ಕರ್ ತಮಾಷೆ ಮಾಡುತ್ತಿದ್ದ, ಎಲ್ಲ ನಾಟಕ, ಇವರಿಗಿಂತ ನಮ್ಮ ಯಕ್ಷಗಾನದವರೇ ವಾಸಿ ಎಂದು. ಅದು ಮನಸ್ಸಿಗೆ ಚುಚ್ಚಿ ಒಮ್ಮೆ ಅವರು ಶೇಖರನನ್ನು ನೇರವಾಗಿಯೇ ಕೇಳಿದರು.

"ನೀನು ನನಗೆ ಸುಳ್ಳು ಹೇಳುವವನಲ್ಲ. ಇದು ನಿಜವಾ, ಆಟವಾ?"

ಶೇಖರ ಚಾದ ಗ್ಲಾಸು ಕೆಳಗಿಟ್ಟು, "ಅಷ್ಟು ರಕ್ತ ಸುಳ್ಳೇ ಬರ್ತದಾ ಉಮ್ಮ?" ಎಂದ.

ಅವರಿಗೆ ಅಷ್ಟು ಸಾಕಾಯಿತು.

ಅದಾದ ಮರುವರ್ಷ ಹಾರ್ವಿಕನ ಕುತ್ತಿಗೆ ಮುರಿಯಿತು. ಅವನನ್ನು ಹಲಗೆಗೆ ಬಿಗಿದು ಹೊತ್ತುಕೊಂಡು ಹೋದರು. ಇನ್ನು ನಡೆಯುವುದೂ ಸಂಶಯ ಎಂದು ಶೇಖರ ಸಣ್ಣ ದನಿಯಲ್ಲಿ ಹೇಳಿದ. ಅಂದಿನಿಂದ ಜೈನಬಮ್ಮ ಸೋಮವಾರ, ಗುರುವಾರ ಉಪವಾಸ ಹಿಡಿದರು. ಗಂಡ ಮಂಚ ಹಿಡಿದದ್ದನ್ನು ಕಂಡವರಿಗೆ ಇನ್ನೊಬ್ಬ ಗಂಡಸು ಹಾಗೆ ಮಲಗುವುದು ಸಹಿಸಲಿಕ್ಕೆ ಆಗಲಿಲ್ಲ, ಅವನು ಯಾವ ದೇಶದವನಾದರೇನು, ಯಾವ ಮತದವನಾದರೇನು. ಹಾರ್ವಿಕ್ ಮರಳಿ ನಡೆದುಬಂದ ದಿನ ಮನೆಯಲ್ಲಿ ತುಪ್ಪದನ್ನ, ಕೋಳಿ ಸಾರು ಆಯಿತು. ನೆರೆಯ ನಾಲ್ಕು ಮನೆಗೆ ಹಂಚಿ, ಶೇಖರನನ್ನು ಕೂರಿಸಿ ಬಡಿಸಿದರು. ಅವನು ಎರಡನೇ ಸಲವೂ ಹಾಕಿಸಿಕೊಂಡ.

ಶೇಖರನ ಹೆಸರು ದುಆಕ್ಕೆ ಸೇರಿದ್ದೂ ಇಂಥದೇ ಒಂದು ಕಾರಣಕ್ಕೆ. ಮಳೆಗಾಲದಲ್ಲಿ ತಂತಿ ಎಳೆಯಲು ತೆಂಗಿನ ಮರ ಹತ್ತಿದ್ದವನು ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದ. ಜೈನಬಮ್ಮ ಅವನಿಗಾಗಿಯೂ ಉಪವಾಸ ಹಿಡಿದರು. ಬಸ್ಸು ಹತ್ತಿ ಬಂಟ್ವಾಳಕ್ಕೆ ಹೋಗಿ ಆಸ್ಪತ್ರೆಯಲ್ಲಿ ನೋಡಿಕೊಂಡೂ ಬಂದರು.

ಈಚೆಗೆ ಎಲ್ಲರ ಕೈಗೂ ಮೊಬೈಲ್ ಬಂದು ಕೇಬಲ್ ಬೇಡವಾಯಿತು. ಶೇಖರ ಅದೇ ಮೊಬೈಲಿನಲ್ಲಿ ಇನ್ನೊಂದು ದಾರಿ ಕಂಡುಕೊಂಡ. ಕುಸ್ತಿಯ ಬಗ್ಗೆ ಜನ ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳುವ ವಿಡಿಯೋ ಚಾನೆಲ್ ಶುರು ಮಾಡಿದ. ಬೆಳ್ತಂಗಡಿಯಿಂದ, ಮೂಡಬಿದ್ರೆಯಿಂದ, ಅತ್ತ ಕನ್ಯಾನದಿಂದಲೂ ಪ್ರಶ್ನೆ ಬರುತ್ತಿತ್ತು. ಆ ಮುಖವಾಡದವನು ಯಾರು, ಅಣ್ಣತಮ್ಮಂದಿರು ಎಂದವರು ನಿಜಕ್ಕೂ ಒಡಹುಟ್ಟಿದವರಾ, ಇಂಥವನು ಕುಸ್ತಿ ಬಿಟ್ಟು ಈಗೇನು ಮಾಡುತ್ತಾನೆ. ಬೆಳ್ತಂಗಡಿಯ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದವರು ಅವನನ್ನು ಗುರುತು ಹಿಡಿದು ಮಾತಾಡಿಸಿದರಂತೆ. ಇದನ್ನು ಕೇಳಿ ಜೈನಬಮ್ಮನಿಗೆ ತನ್ನ ಮಗನಿಗೇ ಹೆಸರು ಬಂದಷ್ಟು ಖುಷಿಯಾಗಿತ್ತು. ಮೊಬೈಲ್ ನೋಡುವ ಅಭ್ಯಾಸ ಮಾತ್ರ ಅವರಿಗೆ ಇರಲಿಲ್ಲ.

ಒಂದು ಮಧ್ಯಾಹ್ನ ರಾಫಿಯಾ ಮೊಬೈಲ್ ಹಿಡಿದು ಹತ್ತಿರ ಬಂದಳು. "ಮಾಮಿ, ಶೇಖರಣ್ಣ ನಿಮ್ಮ ಹಾರ್ವಿಕನ ಬಗ್ಗೆಯೇ ಹೇಳ್ತಾರೆ, ಕೇಳಿ" ಎಂದು ಗೋಡೆಗೆ ಒರಗಿಸಿ ಇಟ್ಟಳು. ಅವಳು ಪೂರ್ತಿ ಕೇಳಿರಲಿಲ್ಲ. ಕೇಳಿದ್ದರೆ ತರುತ್ತಿರಲಿಲ್ಲ.

ಮೂಡಬಿದ್ರೆಯ ಯಾರೋ ಹಾರ್ವಿಕನ ಹೆಂಡತಿ ನಿಜವಾಗಿ ಸತ್ತದ್ದಾ ಎಂದು ಕೇಳಿದ್ದರು. ಶೇಖರ ಕೆಂಪು ಅಂಗಿ ಹಾಕಿ ಕುರ್ಚಿಯಲ್ಲಿ ಕುಳಿತಿದ್ದ. ಮುಖದಲ್ಲಿ ನಗು.

"ಅವಳು ಹೆಂಡತಿಯೇ ಅಲ್ಲ ಮಾರಾಯ, ಸಂಬಳಕ್ಕೆ ಬಂದ ನಟಿ. ಈಗಲೂ ಚೆನ್ನಾಗಿ ಇದ್ದಾಳೆ. ಕುತ್ತಿಗೆ ಮುರಿದದ್ದೂ ಇಲ್ಲ. ಅವನಿಗೆ ರಜೆ ಬೇಕಿತ್ತು, ಕುಸ್ತಿ ನಡೆಸುವವರು ಕಥೆ ಕಟ್ಟಿದರು."

ಜೈನಬಮ್ಮನ ಕೈಯಲ್ಲಿ ನೂಲು ನಿಂತಿತು. ಶೇಖರ ಅಲ್ಲಿಗೆ ಬಿಡಲಿಲ್ಲ.

"ನಮ್ಮ ಊರಲ್ಲಿ ಒಬ್ಬರು ಅಜ್ಜಿ ಉಂಟು, ಹೆಸರು ಹೇಳುವುದಿಲ್ಲ. ಇವನ ಕುತ್ತಿಗೆಗಾಗಿ ಉಪವಾಸ ಹಿಡಿದವರು. ಗುಣ ಆಯ್ತು ಅಂತ ತುಪ್ಪದನ್ನವೂ ಮಾಡಿದ್ರು. ನಾನು ಎರಡು ಸಲ ಹಾಕಿಸಿಕೊಂಡೆ. ಒಂದು ಸುಳ್ಳು ಕುತ್ತಿಗೆಯಿಂದ ಅಷ್ಟು ಒಳ್ಳೆಯ ಊಟ ಯಾರಿಗೂ ಸಿಕ್ಕಿರಲಿಕ್ಕಿಲ್ಲ."

ರಾಫಿಯಾ ಗಡಬಡಿಸಿ ಮೊಬೈಲ್ ಆರಿಸಿದಳು. ಜೈನಬಮ್ಮ ಕೈಯಲ್ಲಿದ್ದ ಬೀಡಿಗೆ ನೂಲು ಕಟ್ಟಿ ಮುಗಿಸಿ, ಗೆರಸೆ ಬದಿಗಿಟ್ಟು, ಎದ್ದು ಬಾವಿಕಟ್ಟೆಗೆ ಹೋಗಿ ಮುಖ ತೊಳೆದುಕೊಂಡರು. ಬಹಳ ಹೊತ್ತು ತೊಳೆದರು.

ಹಾರ್ವಿಕನ ಮೇಲೆ ಅವರಿಗೆ ಸಿಟ್ಟು ಬರಲಿಲ್ಲ. ಅವನು ಎಲ್ಲಿಯವನೋ, ಅವನ ಹೊಟ್ಟೆಪಾಡು ಅವನದು. ತಾನು ಕೇಳಿದ್ದು ಶೇಖರನನ್ನು. ತನಗೆ ಒಂದು ಉತ್ತರ, ಮೂಡಬಿದ್ರೆಯವರಿಗೆ ಇನ್ನೊಂದು ಉತ್ತರ. ಅವರು ಹೊರಗಿನವರು, ಅವರಿಗೆ ನಿಜ ಸಿಕ್ಕಿತು. ಅನ್ನ ಬಡಿಸಿದ ತನಗೆ ಸಿಕ್ಕಿದ್ದು ಕಥೆ. ಮೂಸಾ ಅತ್ತದ್ದೂ ಅದೇ ಕಥೆಗೆ. ಮಾತಿಲ್ಲದ ಆ ಮನುಷ್ಯ ಸಾಯುವ ಮೊದಲು ಬೇರೆ ಯಾರಿಗಾಗಿಯೂ ಅತ್ತಿರಲಿಲ್ಲ.

ಮರುದಿನ ಸುಬಹಿಯ ಬಳಿಕ ಕೈ ಎತ್ತಿದರು. ಮೂಸಾ, ತಾಯಿ, ತಂದೆ, ಅಸ್ಕರ್, ರಾಫಿಯಾ, ತುಕ್ರಪ್ಪ. ಅಲ್ಲಿಗೆ ನಾಲಿಗೆ ನಿಂತಿತು. ಇಲ್ಲದ ಗಾಯವನ್ನು ಉಂಟೆಂದು ಇಷ್ಟು ಕಾಲ ಅಲ್ಲಾಹನ ಮುಂದೆ ಹೇಳಿದೆನಲ್ಲ ಎಂದುಕೊಂಡರು. ಆ ಹೆಸರನ್ನು ದಾಟಿ ಮುಂದಿನದಕ್ಕೆ ಹೋಗೋಣವೆಂದರೆ ಮುಂದಿನದು ಶೇಖರ. ಅದೂ ಬಾಯಿಗೆ ಬರಲಿಲ್ಲ. ಎತ್ತಿದ ಕೈಯನ್ನು ಹಾಗೇ ಮುಖಕ್ಕೆ ಸವರಿ, ಚಾಪೆ ಮಡಚಿದರು.

ವಾರ ಕಳೆಯುವಷ್ಟರಲ್ಲಿ ಶೇಖರನೇ ಬಂದ. ರಾಫಿಯಾ ಫೋನು ಮಾಡಿ ಬೈದಿದ್ದಳು. ಯಾವಾಗಲೂ ನೇರ ಒಳಗೆ ಬಂದು ಜಗಲಿಯಲ್ಲಿ ಕೂರುವವನು ಅಂದು ಅಂಗಳದಲ್ಲೇ ನಿಂತ. ಟಿವಿಯ ಮೇಲೆ ಬಟ್ಟೆ ಹೊದಿಸಿದ್ದು ಅವನ ಕಣ್ಣಿಗೆ ಬಿತ್ತು.

ಅವನು ಹೇಳಬೇಕೆಂದು ಬಂದದ್ದನ್ನೆಲ್ಲ ಹೇಳಿದ. ವಿಡಿಯೋ ತೆಗೆದುಹಾಕಿದ್ದೇನೆ. ನಗಿಸುವ ಉಮೇದಿನಲ್ಲಿ ಬಾಯಿ ತಪ್ಪಿತು. ಮೊದಲು ಮೂಸಾ ಕಾಕನಿಗೆ ಸಮಾಧಾನವಾಗಲೆಂದು ಕಥೆ ಹೇಳಿದ್ದು, ಆಮೇಲೆ ನಿಜ ಹೇಳಲಿಕ್ಕೆ ನಾಲಿಗೆ ಏಳಲಿಲ್ಲ. ಕುಸ್ತಿಯವರು ಬೀಳುವುದು ನಿಜ, ಪೆಟ್ಟು ಆಗುವುದೂ ನಿಜ, ಕಥೆ ಮಾತ್ರ ಕಟ್ಟಿದ್ದು.

"ನಾನು ಉಪವಾಸ ಹಿಡಿದದ್ದು ಆ ಕಥೆಗೆ" ಎಂದರು ಜೈನಬಮ್ಮ. ಸುತ್ತುತ್ತಿದ್ದ ಬೀಡಿ ಎಲೆಯಿಂದ ಕಣ್ಣು ಎತ್ತಲಿಲ್ಲ. "ನಿನಗೆ ಗೊತ್ತಿತ್ತು. ಅದರ ಅನ್ನ ಉಂಡೆ."

ಕಟ್ಟಿದ ಬೀಡಿಯನ್ನು ಗೆರಸೆಗೆ ಹಾಕಿದರು.

"ಒಂದು ಕೇಳ್ತೇನೆ. ನಿನ್ನ ಕಾಲು ನಿಜವಾಗಿ ಮುರಿದದ್ದಾ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಕಪ್ಪಿಟ್ಟಿತು. "ನೀವೇ ಆಸ್ಪತ್ರೆಗೆ ಬಂದಿದ್ರಿ ಉಮ್ಮ" ಎಂದು ಬಗ್ಗಿ ಪ್ಯಾಂಟು ಮೇಲೆ ಎಳೆದು ಮೊಣಕಾಲಿನ ಕೆಳಗಿನ ಉದ್ದದ ಹೊಲಿಗೆಯ ಗುರುತು ತೋರಿಸಿದ.

ಅವರು ಅದನ್ನು ಚೆನ್ನಾಗಿ ನೋಡಿದರು. "ಟಿವಿಯಲ್ಲಿ ಅವನ ರಕ್ತವನ್ನೂ ನೋಡಿದ್ದೇನೆ" ಎಂದರು.

ಒಳಗೆ ಬಾಗಿಲ ಮರೆಯಲ್ಲಿ ನಿಂತಿದ್ದ ರಾಫಿಯಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಶೇಖರ ಪ್ಯಾಂಟು ಕೆಳಗೆ ಬಿಟ್ಟ. ಆಮೇಲೆ ಏನೋ ಹೊಳೆದವನಂತೆ ಎರಡು ಹೆಜ್ಜೆ ಮುಂದೆ ಬಂದ. ಹಳೆಯ ಕುಸ್ತಿಯವರು ಈಗ ಅಭಿಮಾನಿಗಳಿಗಾಗಿ ವಿಡಿಯೋ ಮಾಡಿ ಕಳಿಸುತ್ತಾರಂತೆ. ಅದಕ್ಕೆ ಒಂದು ಶುಲ್ಕ ಉಂಟು, ಕಟ್ಟಿದರೆ ನಮ್ಮ ಹೆಸರು ಹಿಡಿದು ಮಾತಾಡುತ್ತಾರೆ. ಹಾರ್ವಿಕನೂ ಮಾಡುತ್ತಾನೆ.

"ನಾನು ಮಾಡಿಸ್ತೇನೆ ಉಮ್ಮ. ಖರ್ಚು ನಂದು. ಜೈನಬಮ್ಮ ಅಂತ ಅವನ ಬಾಯಿಂದಲೇ ಹೇಳಿಸ್ತೇನೆ. ನಿಮ್ಮ ಪ್ರಾರ್ಥನೆಗೆ ಅವನೇ ಥ್ಯಾಂಕ್ಸ್ ಹೇಳಲಿ."

ಜೈನಬಮ್ಮನ ಕೈ ಮತ್ತೆ ನಿಂತಿತು. ಗೆದ್ದಾಗಲೂ ತಲೆ ತಗ್ಗಿಸುವ ಆ ಮುಖ, ಅದರ ಬಾಯಲ್ಲಿ ತನ್ನ ಹೆಸರು. ಮೂಸಾ ಇದ್ದಿದ್ದರೆ ಎಡಗೈ ಮಂಚಕ್ಕೆ ಬಡಿಯುತ್ತಿತ್ತು. ಒಂದು ಗಳಿಗೆ ಅವರು ಅದನ್ನು ಕಣ್ಣಿಗೆ ತಂದುಕೊಂಡರು.

"ಅವನು ಏನು ಹೇಳ್ತಾನೆ?" ಎಂದು ಕೇಳಿದರು.

"ನಿಮಗೆ ಹೇಗೆ ಬೇಕೋ ಹಾಗೆ. ನಾನು ಬರೆದು ಕಳಿಸ್ತೇನೆ, ಅವನು ಹಾಗೆಯೇ ಹೇಳ್ತಾನೆ."

ಅವರು ಗೆರಸೆಯಿಂದ ಇನ್ನೊಂದು ಎಲೆ ಎತ್ತಿಕೊಂಡು, ಹೊಗೆಸೊಪ್ಪು ಹರವಿ, ಸುರುಳಿ ಸುತ್ತತೊಡಗಿದರು.

"ಬೇಡ ಶೇಖರಾ" ಎಂದರು. "ನೀನು ಇಷ್ಟು ಕಾಲ ನಿನ್ನ ಬಾಯಿಂದ ಹೇಳಿದ್ದನ್ನು ಕೇಳಿದೆ. ಇನ್ನು ಅವನ ಬಾಯಿಂದಲೂ ನೀನೇ ಹೇಳುವುದು ಬೇಡ."